ಪ್ರಶ್ನೆ–ಉತ್ತರ: ಕಳ್ಳ, ಖಾರದ ಪುಡಿ ಮತ್ತು ಬೇಲಿಗೆ ಬಿಟ್ಟ ಕರೆಂಟು

ಪ್ರಶ್ನೆ: ಅಕ್ಕಾ, ನನ್ನ ಗಂಡನಿಗೆ ವಾರಕ್ಕೆ ಮೂರು ದಿನ ರಾತ್ರಿ ಪಾಳಿ. ಮನೆಯಲ್ಲಿ ನಾನು, ಅತ್ತೆ, ಎರಡು ಮಕ್ಕಳು ಅಷ್ಟೇ. ಮನಗೂಳಿ ಬ್ಯಾಂಕಿನ ಸುದ್ದಿ ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ದಿಂಬಿನ ಕೆಳಗೆ ಕುಡಗೋಲು ಇಟ್ಟುಕೊಂಡು ಮಲಗುತ್ತೇನೆ. ಕಳ್ಳ ಒಳಗೆ ಬಂದರೆ ಹೊಡೆಯಬಹುದಾ? ಅವನು ಸತ್ತರೆ ನನಗೇ ಜೈಲಾ?
(ಗೃಹಿಣಿ, ವಿಜಯಪುರ)

ಉತ್ತರ: ತಂಗಿ, ಮೊದಲು ಆ ಸುದ್ದಿಯ ಮಾತು. 2025ರ ಮೇ ತಿಂಗಳಲ್ಲಿ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕೆಜಿ ಚಿನ್ನ ಹೋಯಿತು. ಕಳ್ಳರು ಅಲ್ಲೊಂದು ಕಪ್ಪು ಗೊಂಬೆ ಇಟ್ಟು ಹೋಗಿದ್ದರು. ಆಮೇಲೆ ಎಲ್ಲಿ ನೋಡಿದರೂ ಆ ಗೊಂಬೆಯದೇ ಮಾತು, ಮಾಟ ಅಂತೆ, ಮಂತ್ರ ಅಂತೆ. ನನಗೆ ಬೇಸರವಾಯಿತು. ಅಷ್ಟು ಚಿನ್ನ ಎತ್ತುವವರು ಬಹಳ ದಿನ ಕೂತು ಲೆಕ್ಕ ಹಾಕಿರುತ್ತಾರೆ. ನಿಮ್ಮ ಮನೆಗೆ ಬರುವವನು ಅಂಥವನಲ್ಲ, ಅವನು ಚಿಲಕ ಸಡಿಲ ಇರುವ ಹಿತ್ತಲ ಬಾಗಿಲು ಹುಡುಕುವವನು. ಹಾಗಾಗಿ ಗೊಂಬೆಗೆ ಹೆದರಬೇಡಿ, ಚಿಲಕ ನೋಡಿ.

ಈಗ ಕಾನೂನು. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಯ ಹಳೆಯ ಕಾನೂನು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 34ರಿಂದ 44ರವರೆಗಿನ ಕಲಂಗಳು ಪೂರ್ತಿ ನಮ್ಮನ್ನು ನಾವು ಕಾಪಾಡಿಕೊಳ್ಳುವ ಹಕ್ಕಿಗೇ ಇವೆ. ಜೀವಕ್ಕೆ ಅಪಾಯ, ಭಾರೀ ಗಾಯದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಇಂಥ ಹೊತ್ತಲ್ಲಿ ತಡೆಯಲು ಹೋಗಿ ಎದುರಿನವನ ಜೀವ ಹೋದರೂ ಅದು ಅಪರಾಧವಲ್ಲ ಅಂತ 38ನೇ ಕಲಂ ಹೇಳುತ್ತದೆ. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಮನೆ ಮುರಿದು ಒಳಗೆ ಬಂದವನ ವಿಷಯದಲ್ಲಿ 41ನೇ ಕಲಮಿನಲ್ಲೂ ಇದೇ ಮಾತಿದೆ. ಆದರೆ ಈ ಎರಡನ್ನೂ 37ನೇ ಕಲಂ ಹಿಡಿದು ನಿಲ್ಲಿಸುತ್ತದೆ: ತಡೆಯಲು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ. ಕತ್ತಲಲ್ಲಿ ಅವನು ಕಬ್ಬಿಣದ ರಾಡು ಹಿಡಿದು ನಿಮ್ಮ ಕಡೆ ಬಂದಾಗ ನೀವು ಹೊಡೆದ ಏಟು ಬೇರೆ. ಅವನು ರಾಡು ಬಿಸಾಕಿ ಗೋಡೆ ಹತ್ತುವಾಗ ಹಿಂದಿನಿಂದ ಹೊಡೆದ ಏಟು ಬೇರೆ. ಎರಡನೆಯದು ಸಿಟ್ಟಿನದು, ಅದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ, ಇರಲೂಬಾರದು.

ಪೊಲೀಸರು ಕೇಸು ಹಾಕಬಹುದು, ನಿಜ. ಕೋರ್ಟಿನಲ್ಲಿ ‘ನಾನು ನನ್ನ ರಕ್ಷಣೆಗೆ ಹೊಡೆದೆ’ ಅಂತ ತೋರಿಸುವ ಭಾರ ನಿಮ್ಮ ಮೇಲೆಯೇ ಬೀಳುತ್ತದೆ. ಆದರೆ ಸರಕಾರಿ ವಕೀಲರಷ್ಟು ಗಟ್ಟಿಯಾಗಿ ಸಾಬೀತು ಮಾಡಬೇಕಿಲ್ಲ, ಹಾಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಅಂತ ಅನಿಸಿದರೆ ಸಾಕು. 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು, ಆ ಗಾಬರಿಯಲ್ಲಿ ನಿಂತಿದ್ದವರ ಜಾಗದಿಂದ ನೋಡಬೇಕು ಅಂತಲೂ ಹೇಳಿತು. ನನಗೆ ಧೈರ್ಯ ಕೊಟ್ಟ ತೀರ್ಪು ಅದು.

ಇನ್ನು ಆ ಕುಡಗೋಲು. ದಯವಿಟ್ಟು ಇವತ್ತೇ ತೆಗೆಯಿರಿ. ಮಗ್ಗುಲಲ್ಲಿ ಮಕ್ಕಳು ಮಲಗಿರುತ್ತವೆ, ನಿದ್ದೆಗಣ್ಣಲ್ಲಿ ನಿಮ್ಮ ಕೈಗೆ ಸಿಗುವುದು ಹಿಡಿಯೋ ಅಲಗೋ ಗೊತ್ತಾಗುವುದಿಲ್ಲ, ಅದೂ ಅಲ್ಲದೆ ನಿಮಗಿಂತ ಬಲ ಇರುವವನು ಅದನ್ನು ಕಿತ್ತುಕೊಂಡರೆ ಮುಗಿಯಿತು. ಒಳಗಡೆಯಿಂದ ಅಗಳಿ, ಕೈಗೆ ಸಿಗುವಂತೆ ಟಾರ್ಚು, ಫೋನಿನಲ್ಲಿ 112, ಪಕ್ಕದ ಮನೆಯವರಿಗೆ ಕೇಳುವಂತೆ ಜೋರಾಗಿ ಕೂಗುವುದು. ಬೆಳಕು ಮತ್ತು ಗದ್ದಲ ಕಳ್ಳನಿಗೆ ಆಗುವುದೇ ಇಲ್ಲ.

ಪ್ರಶ್ನೆ: ನಮ್ಮ ಓಣಿಯ ಹುಡುಗರು ರಾತ್ರಿ ಬಡಿಗೆ ಹಿಡಿದು ಗಸ್ತು ಹೊಡೆಯುತ್ತಿದ್ದಾರೆ. ಕಳ್ಳ ಸಿಕ್ಕರೆ ಕಂಬಕ್ಕೆ ಕಟ್ಟಿ ನಾಲ್ಕು ಬಾರಿಸಿ ಆಮೇಲೆ ಪೊಲೀಸರಿಗೆ ಕೊಟ್ಟರೆ ತಪ್ಪೇನ್ರೀ?
(ಅಂಗಡಿಕಾರ, ಜಮಖಂಡಿ)

ಉತ್ತರ: ಹಿಡಿಯುವುದು ತಪ್ಪಲ್ಲ, ಬಾರಿಸುವುದು ತಪ್ಪು. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಮನುಷ್ಯನೂ ಹಿಡಿಯಬಹುದು ಅಂತ ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಲ್ಲಿದೆ. ಹಿಡಿದ ಮೇಲೆ ತಡ ಮಾಡದೆ, ಆರು ತಾಸಿನ ಒಳಗೆ, ಪೊಲೀಸರ ಕೈಗೆ ಒಪ್ಪಿಸಬೇಕು. ಗಮನಿಸಿ, ‘ಕಣ್ಣೆದುರೇ’. ಸಂಶಯ ಬಂತು, ಹೊಸ ಮುಖ ಕಂಡಿತು, ವಾಟ್ಸಾಪಿನಲ್ಲಿ ಫೋಟೋ ಬಂತು, ಇವು ಸಾಲುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಆತ ಮತ್ತು ಜೊತೆಗಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಅಲ್ಲಿ ಸೇರಿದ್ದವರೂ ಊರು ಕಾಯುತ್ತಿದ್ದೇವೆ ಅಂದುಕೊಂಡಿದ್ದರು ಅಲ್ವಾ? ನಿಮ್ಮ ಹುಡುಗರಿಗೆ ಬಡಿಗೆ ಬದಲು ಟಾರ್ಚು, ಸೀಟಿ ಕೊಡಿಸಿ. ನಿಮ್ಮ ಠಾಣೆಯ ಬೀಟ್ ಪೊಲೀಸರಿಗೆ ಅವರ ಹೆಸರು ತಿಳಿಸಿರಿ.

ಪ್ರಶ್ನೆ: ಬ್ಯಾಗಿನಲ್ಲಿ ಖಾರದ ಪುಡಿ, ಪೆಪ್ಪರ್ ಸ್ಪ್ರೇ ಇಟ್ಟುಕೊಂಡರೆ ಕೇಸಾಗುತ್ತಾ?
(ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಇಟ್ಟುಕೊಂಡರೆ ಆಗುವುದಿಲ್ಲ, ಲೈಸೆನ್ಸೂ ಬೇಡ. ಯಾವಾಗ ಹೊಡೆದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 2024ರ ಮೇನಲ್ಲಿ ನಮ್ಮ ಹೈಕೋರ್ಟಿನ ಮುಂದೆ ಬೆಂಗಳೂರಿನ ಒಂದು ಜಗಳದ ಪ್ರಕರಣ ಬಂತು. ಜೀವಕ್ಕೇನೂ ಅಪಾಯ ಇದ್ದಂತೆ ಕಾಣುವುದಿಲ್ಲ, ಪೆಪ್ಪರ್ ಸ್ಪ್ರೇ ಅಪಾಯದ ಆಯುಧ, ತನಿಖೆ ನಡೆಯಲಿ ಅಂತ ಹೇಳಿ ಕೇಸು ರದ್ದು ಮಾಡಲು ಕೋರ್ಟ್ ಒಪ್ಪಲಿಲ್ಲ. ಅದನ್ನು ಓದಿ ನೀನು ಸ್ಪ್ರೇ ಮನೆಯಲ್ಲಿ ಬಿಟ್ಟು ಹೋಗಬೇಡ. ಕತ್ತಲಲ್ಲಿ ಯಾರೋ ಕೈ ಹಿಡಿದು ಎಳೆದರೆ ಹೊಡಿ, ಓಡು, 112ಕ್ಕೆ ಫೋನ್ ಮಾಡು. ಬಸ್ಸಿನಲ್ಲಿ ಸೀಟಿಗಾಗಿ ಜಗಳವಾದರೆ ಅದು ಬ್ಯಾಗಿನಲ್ಲೇ ಇರಲಿ. ಖಾರದ ಪುಡಿಗಿಂತ ಸ್ಪ್ರೇ ವಾಸಿ, ಪುಡಿ ಗಾಳಿಗೆ ತಿರುಗಿ ನಿನ್ನ ಕಣ್ಣಿಗೇ ಬೀಳುತ್ತದೆ.

ಪ್ರಶ್ನೆ: ಹಂದಿ ಕಾಟಕ್ಕೆ ಗೋವಿನಜೋಳ, ಕಬ್ಬು ಎರಡೂ ಹಾಳು. ರಾತ್ರಿ ಮಾತ್ರ ಬೇಲಿಯ ತಂತಿಗೆ ಕರೆಂಟು ಬಿಡುತ್ತೇನೆ. ಮೋಟರಿನ ಕೇಬಲ್ ಕದಿಯುವವರಿಗೂ ಬುದ್ಧಿ ಬರಲಿ. ನನ್ನ ಹೊಲ, ನನ್ನ ಬೇಲಿ. ಯಾರಿಗೆ ಏನು ಕೇಳುವ ಹಕ್ಕಿದೆ?
(ರೈತ, ಮುಧೋಳ ತಾಲೂಕು)

ಉತ್ತರ: ಅಣ್ಣಾ, ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆದರಿಸಿದ್ದು ನಿಮ್ಮದೊಂದೇ. ಕೇಬಲ್ ಕಳ್ಳರ ಮೇಲಿನ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಳೆದು ನಿಂತ ಜೋಳ ಒಂದೇ ರಾತ್ರಿಯಲ್ಲಿ ನೆಲ ಕಚ್ಚಿದ್ದನ್ನು ನೋಡುವ ಸಂಕಟವೂ ಗೊತ್ತು.

ಆದರೆ ತಂತಿಗೆ ಕಣ್ಣಿಲ್ಲ. ನೀವು ಕುಡಗೋಲು ಹಿಡಿದು ನಿಂತರೆ ಎದುರಿಗೆ ಬಂದವನು ಕಳ್ಳನೋ, ದಾರಿ ತಪ್ಪಿದ ದನ ಹುಡುಕಿಕೊಂಡು ಬಂದ ಮುದುಕನೋ ನೋಡುತ್ತೀರಿ. ಅವನು ಓಡಿದರೆ ಕೈ ಇಳಿಸುತ್ತೀರಿ. ತಂತಿ ಇದ್ಯಾವುದನ್ನೂ ಮಾಡುವುದಿಲ್ಲ. ಮೇಲೆ ಆ ತಂಗಿಗೆ ಹೇಳಿದೆನಲ್ಲ, ಎಷ್ಟು ಬೇಕೋ ಅಷ್ಟೇ ಅಂತ, ಆ ಅಳತೆ ಮಾಡಲು ಅಲ್ಲಿ ಒಬ್ಬ ಮನುಷ್ಯ ಇರಬೇಕು.

ಅಮೆರಿಕದ ಐಯೊವಾದಲ್ಲಿ 1967ರಲ್ಲಿ ಹೀಗೇ ಆಯಿತು. ಹೊಲದಲ್ಲಿದ್ದ ಹಳೆಯ ಪಾಳು ಮನೆಗೆ ಪದೇ ಪದೇ ಕಳ್ಳರು ನುಗ್ಗುತ್ತಿದ್ದರು. ಬೇಸತ್ತ ಗಂಡ ಹೆಂಡತಿ ಬಾಗಿಲು ತೆಗೆದರೆ ಸಿಡಿಯುವಂತೆ ಒಳಗೆ ಬಂದೂಕು ಕಟ್ಟಿಟ್ಟರು. ಹಳೆಯ ಬಾಟಲಿ ಎತ್ತಲು ಬಂದವನ ಕಾಲಿಗೆ ಗುಂಡು ಬಿದ್ದು ಭಾರೀ ಗಾಯವಾಯಿತು. ಅವನು ಕಳ್ಳನೇ, ತಾನೂ ಒಪ್ಪಿಕೊಂಡ. ಆದರೂ 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನಿಗೆ 30,000 ಡಾಲರ್ ಪರಿಹಾರ ಎತ್ತಿಹಿಡಿಯಿತು, ಆ ದಂಪತಿ 80 ಎಕರೆ ಹೊಲ ಮಾರಬೇಕಾಯಿತು. ಇದನ್ನು ಹೇಳಿದಾಗಲೆಲ್ಲ ಜನ ‘ಇದೆಂಥ ನ್ಯಾಯ’ ಅನ್ನುತ್ತಾರೆ. ನನಗೆ ಅದು ಸರಿಯಾದ ನ್ಯಾಯ. ನಾಲ್ಕು ಬಾಟಲಿಗೆ ಒಂದು ಕಾಲು ಸಮ ಅಲ್ಲ.

ನಮ್ಮಲ್ಲೂ ಇದೆ. ಬಿಹಾರದಲ್ಲಿ ಒಬ್ಬಾತ ಪಕ್ಕದ ಮನೆಯವರು ತನ್ನ ಪಾಯಖಾನೆಗೆ ಬರುತ್ತಾರೆ ಅಂತ ಅಲ್ಲಿ ಕರೆಂಟಿನ ತಂತಿ ಕಟ್ಟಿದ. ಪಕ್ಕದ ಮನೆಯ ಹೆಣ್ಣುಮಗಳು ಸತ್ತಳು. ‘ನನ್ನ ಆಸ್ತಿ, ನನ್ನ ರಕ್ಷಣೆ’ ಅಂತ ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. 1963ರಲ್ಲಿ ಕೋರ್ಟ್ ಆ ವಾದವನ್ನು ತಳ್ಳಿಹಾಕಿ ಶಿಕ್ಷೆ ಖಾಯಂ ಮಾಡಿತು. ಈಗಿನ ಸಂಹಿತೆಯಲ್ಲಿ ಇದು ಬರೀ ಅಜಾಗರೂಕತೆ ಅಂತಾದರೂ 106ನೇ ಕಲಂ, 5 ವರ್ಷದವರೆಗೆ ಜೈಲು. ಸಾವು ಆಗಬಹುದು ಅಂತ ಗೊತ್ತಿದ್ದೂ ಮಾಡಿದ್ದು ಅಂತಾದರೆ 105, ಅಲ್ಲಿ 10 ವರ್ಷದವರೆಗೆ. ನಿಮ್ಮ ಪತ್ರದಲ್ಲೇ ‘ಬುದ್ಧಿ ಬರಲಿ’ ಅಂತ ಬರೆದಿದ್ದೀರಿ.

ಕಾನೂನು ಬಿಡಿ. ಆ ತಂತಿ ಮುಟ್ಟುವವರು ಯಾರು? ನಸುಕಿನಲ್ಲಿ ಮೇವಿಗೆ ಬರುವ ಹೆಣ್ಣುಮಕ್ಕಳು, ರಾತ್ರಿ ಪಾಳಿಯ ಕರೆಂಟಿಗೆ ಕಾದು ನೀರು ಹಾಯಿಸಲು ಎದ್ದ ಪಕ್ಕದ ಹೊಲದವರು, ಇಲ್ಲವೇ ಸ್ವಿಚ್ ಆಫ್ ಆಗಿದೆ ಅಂದುಕೊಂಡ ನಿಮ್ಮ ಮಗ. 230 ವೋಲ್ಟಿನ ಮನೆ ಕರೆಂಟು ಹಿಡಿದರೆ ಸ್ನಾಯು ಬಿಗಿದು ಕೈ ಬಿಡಲು ಬರುವುದಿಲ್ಲ. ಹಸಿ ನೆಲದಲ್ಲಿ ಬರಿಗಾಲಿದ್ದರೆ ಕೇಳುವುದೇ ಬೇಡ. ಸೋಲಾರ್ ಬೇಲಿ ಬೇರೆ: ಅದರ ಯಂತ್ರ ಒಂದೊಂದು ಸೆಕೆಂಡಿಗೆ ಕ್ಷಣಮಾತ್ರದ ಏಟು ಕೊಡುತ್ತದೆ, ನಡುವೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ, ಹಂದಿಯೂ ಹೆದರಿ ಹಿಂದೆ ಸರಿಯುತ್ತದೆ. ಅದನ್ನು ಹಾಕಿಸಿ. ಆದರೆ ಅದಕ್ಕೂ ಲೈನಿನ ಕರೆಂಟು ಕೊಡಬೇಡಿ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಹಾಳಾದ ಜೋಳದ ಫೋಟೋ ತೆಗೆದಿಟ್ಟುಕೊಳ್ಳಿ. ಕೇಬಲ್ ಕಳ್ಳತನಕ್ಕೆ ಠಾಣೆಯಲ್ಲಿ ಫಿರ್ಯಾದಿ ಕೊಡಿ, ತಗೊಳ್ಳದಿದ್ದರೆ ಎಸ್‌ಪಿ ಅವರಿಗೆ ಬರೆಯಿರಿ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಇನ್ನೂ ಎಷ್ಟು ರಾತ್ರಿ ಆ ಸ್ವಿಚ್ ಹಾಕಿರುತ್ತೀರೋ ಅಂತ ಯೋಚನೆಯಾಗುತ್ತದೆ. ಓದಿದ ದಿನವೇ ಕತ್ತಲಾಗುವ ಮುಂಚೆ ಆ ತಂತಿ ಬಿಚ್ಚಿ, ಬಿಚ್ಚಿದ ಮೇಲೆ ನನಗೊಂದು ಕಾರ್ಡು ಬರೆಯಿರಿ. ಕಾಯುತ್ತಿರುತ್ತೇನೆ.