ದಿನಾ ಬೇಡ, ವಾರಕ್ಕೊಮ್ಮೆ ಸಾಕು

ಹದಿಮೂರರ ಮಗಳು ದಿನಾ ರಾತ್ರಿ ಕೃತಜ್ಞತೆಯ ಪುಸ್ತಕದಲ್ಲಿ ‘ಅಪ್ಪ, ಅಮ್ಮ, ಮನೆ’ ಅಂತ ಗೀಚಿ ಎದ್ದು ಹೋಗುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅವಳದೇನೂ ತಪ್ಪಿಲ್ಲ ಬಿಡಿ. ದಿನಾ ಬರೆಸಿದರೆ ಅದೂ ಹೋಂವರ್ಕೇ, ಅಲ್ವಾ? ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಕೃತಜ್ಞತೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಮೊದಲ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಬರೆದಿದ್ದು ವಾರಕ್ಕೊಮ್ಮೆ ಮಾತ್ರ.

ಪಟ್ಟಿ ಬಿಟ್ಟು ಒಂದೇ ಸಂಗತಿ ಹಿಡಿಯಿರಿ. ಯಾರು ಮಾಡಿದರು, ಅವರಿಗೆ ಎಷ್ಟು ಕಷ್ಟವಾಯಿತು ಅಂತ ಕೇಳಿ. ನನ್ನ ಮಗ ಜ್ವರದಲ್ಲಿ ಮಲಗಿದ್ದಾಗ ಗೆಳೆಯ ನೋಟ್ಸ್ ಬರೆದುಕೊಟ್ಟಿದ್ದ. ‘ಥ್ಯಾಂಕ್ಸ್ ಹೇಳಿದೆಯಾ?’ ಅಂದರೆ ಬರೀ ‘ಹ್ಞೂಂ’. ‘ಇಷ್ಟು ಬರೆಯೋಕೆ ಅವನಿಗೆ ಎಷ್ಟು ಹೊತ್ತು ಹಿಡಿದಿರಬಹುದು?’ ಅಂದೆ. ಸುಮ್ನೆ ಪುಟ ತಿರುವಿದ. ಹೃದಯದ ಚಿತ್ರಕ್ಕೆ ಕೆಂಪು, ನೀಲಿ ಬಣ್ಣ ಕೂಡ ಹಚ್ಚಿತ್ತು. ‘ಅವನಿಗೆ ಡ್ರಾಯಿಂಗ್ ಅಂದ್ರೆ ಆಗಲ್ಲ ಅಮ್ಮಾ’ ಅಂದ, ಮೆಲ್ಲಗೆ. ಆಮೇಲೆ ಅವನೇ ಫೋನ್ ಎತ್ತಿಕೊಂಡ.

ಪುಟ್ಟ ಮಕ್ಕಳಾದರೆ ನಾವು ಥ್ಯಾಂಕ್ಸ್ ಹೇಳುವುದನ್ನು ನೋಡಿಯೇ ಕಲಿಯುತ್ತಾರೆ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ನಿಮ್ಮ ಮಗಳು ಬೇಜಾರಲ್ಲಿದ್ದಾಗ ಮಾತ್ರ ‘ನಿನಗೇನು ಕಮ್ಮಿಯಾಗಿದೆ?’ ಅನ್ನಬೇಡಿ. ನಾನು ಅಂದಿದ್ದೆ. ಎರಡು ದಿನ ಮಾತೇ ಇರಲಿಲ್ಲ.