ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ಯಾಟರಿಗಿಂತ ಮೊದಲು ಎಂಜಿನ್ ನೋಡಿ

ಪ್ರಶ್ನೆ: ನಾವು ಷಿಕಾಗೊ ಸಮೀಪದ ಉಪನಗರವೊಂದರಲ್ಲಿ ವಾಸವಾಗಿದ್ದೇವೆ. ನನ್ನ ಪತ್ನಿ ದಿನವೂ ಕೆಲಸಕ್ಕೆ ಹೋಗಿಬರಲು ಚಿಕ್ಕ ಕಾರು ಹುಡುಕುತ್ತಿದ್ದು, ಡೀಲರೊಬ್ಬರ ಬಳಿ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡೂ ಇರುವ ಹೈಬ್ರಿಡ್ ಕಾರು, 2014ರ ಲೆಕ್ಸಸ್ ಸಿಟಿ 200ಎಚ್ ನೋಡಿದ್ದೇವೆ. 96,000 ಮೈಲಿ ಓಡಿದ್ದರೂ ಒಳಭಾಗ ಹೊಸದರಂತಿದೆ. ಹೈಬ್ರಿಡ್ ಬ್ಯಾಟರಿ ಕೈಕೊಟ್ಟರೆ ದೊಡ್ಡ ಖರ್ಚು ಬರುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಈ ಕಾರು ಕೊಳ್ಳಬಹುದೇ?
– ಓದುಗರೊಬ್ಬರು, ಇಲಿನಾಯ್

ಉತ್ತರ: ಕೊಳ್ಳಬಹುದು, ಆದರೆ ಒಂದು ಬೆಳಿಗ್ಗೆಯ ಪರೀಕ್ಷೆ ಮುಗಿಯುವವರೆಗೆ ಮುಂಗಡ ಹಣ ಕೊಡಬೇಡಿ. ಬ್ಯಾಟರಿಯ ಬಗ್ಗೆ ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಆದರೆ ಈ ಮಾದರಿಯಲ್ಲಿ ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಪೆಟ್ರೋಲ್ ಎಂಜಿನ್‌ನ ಆರೋಗ್ಯ. ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

2011ರಿಂದ 2017ರವರೆಗೆ ಅಮೆರಿಕದಲ್ಲಿ ಮಾರಾಟವಾದ ಈ ಕಾರಿನಲ್ಲಿರುವುದು ಲೆಕ್ಸಸ್‌ನ ಮಾತೃಸಂಸ್ಥೆ ಟೊಯೊಟಾ ಅದೇ ಕಾಲದಲ್ಲಿ ಮಾರುತ್ತಿದ್ದ ಪ್ರಿಯಸ್ ಎಂಬ ಹೈಬ್ರಿಡ್ ಕಾರಿನ 1.8 ಲೀಟರ್ ಎಂಜಿನ್ ಮತ್ತು ಹೈಬ್ರಿಡ್ ವ್ಯವಸ್ಥೆ. ಎರಡೂ ಸೇರಿ 134 ಅಶ್ವಶಕ್ತಿ ಕೊಡುತ್ತವೆ. ಹೊಗೆಯ ಒಂದು ಪಾಲನ್ನು ತಣ್ಣಗಾಗಿಸಿ ಮತ್ತೆ ಎಂಜಿನ್‌ಗೆ ಹಾಯಿಸುವ ಇಜಿಆರ್ ಎಂಬ ಏರ್ಪಾಡು ಇದರಲ್ಲಿದ್ದು, ಮೈಲಿಗಳು ಹೆಚ್ಚಾದಂತೆ ಅದರ ಕೂಲರ್‌ನಲ್ಲಿಯೂ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಸಣ್ಣ ರಂಧ್ರಗಳಲ್ಲಿಯೂ ಮಸಿ ಕಟ್ಟಿಕೊಳ್ಳುತ್ತದೆ. ಆಗ ನಾಲ್ಕು ಸಿಲಿಂಡರ್‌ಗಳಿಗೆ ಹೊಗೆ ಸಮನಾಗಿ ಹಂಚಿಕೆಯಾಗದೆ ಕೆಲವು ಹೆಚ್ಚು ಬಿಸಿಯಾಗುತ್ತವೆ, ಕಾಲಕ್ರಮದಲ್ಲಿ ಎಂಜಿನ್‌ನ ಎರಡು ಭಾಗಗಳ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸೋತು ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಹನಿಹನಿಯಾಗಿ ಸಿಲಿಂಡರ್‌ಗೆ ಇಳಿಯುತ್ತದೆ ಎಂದು ಈ ಕಾರುಗಳನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳು ಹೇಳುತ್ತಾರೆ.

ಇದನ್ನು ಪತ್ತೆಮಾಡಲು ಕಾರು ರಾತ್ರಿಯಿಡೀ ನಿಂತಿರಬೇಕು. ಡೀಲರ್‌ಗೆ ಮೊದಲೇ ಹೇಳಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಯಾರೂ ಅದನ್ನು ಮುಟ್ಟುವ ಮುನ್ನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಅಂದಿನ ಪರೀಕ್ಷೆ ವ್ಯರ್ಥ, ಇನ್ನೊಂದು ದಿನ ಬರುವುದಾಗಿ ಹೇಳಿ ಹಿಂತಿರುಗಿ. ತಣ್ಣಗಿದ್ದರೆ ಪವರ್ ಗುಂಡಿ ಒತ್ತಿ ಕಾಯಿರಿ. ‘ರೆಡಿ’ ದೀಪ ಹತ್ತಿದ ಕೆಲವೇ ಕ್ಷಣಗಳಲ್ಲಿ ಎಂಜಿನ್ ತಾನಾಗಿಯೇ ಎದ್ದುಕೊಳ್ಳುತ್ತದೆ. ಆ ಮೊದಲ ಅರ್ಧ ನಿಮಿಷ ರೇಡಿಯೋ ಆರಿಸಿ, ಮಾತು ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತುಕೊಳ್ಳಿ. ಸಣ್ಣ ಗುನುಗಿನೊಡನೆ ನಡೆದರೆ ಸರಿ. ಜಲ್ಲಿ ತುಂಬಿದ ಡಬ್ಬ ಅಲುಗಾಡಿಸಿದಂತೆ ಕಟಕಟ ಸದ್ದು ಬಂದು, ಇಡೀ ಕಾರು ನಡುಗಿ, ಬಳಿಕ ಏನೂ ಆಗದಂತೆ ಸುಮ್ಮನಾದರೆ ಆ ಕಾರನ್ನು ಅಲ್ಲಿಯೇ ಬಿಟ್ಟುಬನ್ನಿ. ಆ ನಡುಕಕ್ಕೆ ‘ಚಳಿಗೆ ಹಾಗೆ’ ಎಂಬ ಸಮಜಾಯಿಷಿ ಸಿಕ್ಕರೂ ಒಪ್ಪಬೇಡಿ. ಹೊರಗೆ ಎಲ್ಲಿಯೂ ಸೋರದೆ ಕೂಲೆಂಟ್ ಮಟ್ಟ ಕುಸಿದಿದ್ದರೆ ಅದೂ ಇದೇ ರೋಗದ ಸುಳಿವು. ಎಂಜಿನ್ ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ, ಏಕೆಂದರೆ ಈ ಪೀಳಿಗೆಯ ಎಂಜಿನ್‌ಗಳಲ್ಲಿ ಆಯಿಲ್ ಕುಡಿಯುವ ದೂರೂ ಇದೆ.

ಇನ್ನು ಬ್ಯಾಟರಿ. ಇದು ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದು, ಮಾಡ್ಯೂಲ್ ಎನ್ನುವ 28 ಚಿಕ್ಕ ಘಟಕಗಳಿಂದ ಕೂಡಿ ಸುಮಾರು 201 ವೋಲ್ಟ್ ಕೊಡುತ್ತದೆ. ತಯಾರಕರು ಹೈಬ್ರಿಡ್ ಭಾಗಗಳಿಗೆ ಕೊಟ್ಟಿದ್ದ 8 ವರ್ಷ ಅಥವಾ 1,00,000 ಮೈಲಿಗಳ ವಾರಂಟಿ ನೀವು ನೋಡಿದ ಕಾರಿನ ಮಟ್ಟಿಗೆ ವರ್ಷಗಳ ಲೆಕ್ಕದಲ್ಲಿ ಮುಗಿದುಹೋಗಿದೆ. ಹಾಗೆಂದು ಬ್ಯಾಟರಿ ಮುಗಿಯಿತೆಂದಲ್ಲ. ಪರೀಕ್ಷಾ ಓಡಾಟದಲ್ಲಿ ಪರದೆಯ ಮೇಲಿನ ಬ್ಯಾಟರಿ ಪಟ್ಟಿಗಳನ್ನು ಗಮನಿಸಿ. ಅವು ನಿಧಾನವಾಗಿ ಏರಿಳಿಯಬೇಕೇ ಹೊರತು ಎರಡು ಸಿಗ್ನಲ್‌ಗಳ ನಡುವೆಯೇ ಕೆಳಕ್ಕೆ ಬಿದ್ದು ಮತ್ತೆ ತುಂಬಿಕೊಳ್ಳಬಾರದು. ಹೈಬ್ರಿಡ್ ಬಲ್ಲ ಮೆಕ್ಯಾನಿಕ್ ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಓಬಿಡಿ ಉಪಕರಣ ಸಿಕ್ಕಿಸಿ, ಜೋಡಿ ಮಾಡ್ಯೂಲ್‌ಗಳ 14 ಬ್ಲಾಕ್‌ಗಳಲ್ಲಿ ಯಾವುದಾದರೂ ಒಂದು ಹೊರೆ ಬಿದ್ದಾಗ ಉಳಿದವಕ್ಕಿಂತ ಕುಸಿಯುತ್ತಿದೆಯೇ ಎಂದು ಹೇಳಬಲ್ಲರು. ಹಿಂದಿನ ಆಸನದ ಬಳಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಯಿದೆ. ಸಾಕುನಾಯಿಯಿದ್ದ ಮನೆಯ ಕಾರಿನಲ್ಲಿ ಅದರೊಳಗೆ ಕೂದಲು ಮತ್ತು ದೂಳು ಹತ್ತಿಯಂತೆ ಗಟ್ಟಿಯಾಗಿ ಕೂತಿರಬಹುದು. ತಣಿಯದ ಬ್ಯಾಟರಿ ಬೇಗ ಸೋಲುತ್ತದೆ. ಟಾರ್ಚ್ ಹಿಡಿದು ನೋಡಲು ಒಂದು ನಿಮಿಷ ಸಾಕು.

ನಿಮ್ಮ ಊರಿನ ಕಾರಣಕ್ಕೆ ಇನ್ನೊಂದು ಮಾತು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಕಾರನ್ನು ಲಿಫ್ಟ್‌ಗೆ ಏರಿಸಿ ಬ್ರೇಕ್ ಕೊಳವೆಗಳನ್ನೂ ಹಿಂಬದಿಯ ಚೌಕಟ್ಟನ್ನೂ ನೋಡದೆ ಒಪ್ಪಬೇಡಿ. ಕಳ್ಳರು ಹೈಬ್ರಿಡ್‌ಗಳ ತಳದಲ್ಲಿ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿ ಒಯ್ಯುವುದು ಸಾಮಾನ್ಯವಾಗಿರುವುದರಿಂದ ಅಲ್ಲಿರುವುದು ಮೂಲದ್ದೋ ಅಗ್ಗದ ಬದಲಿಯೋ ಎಂದು ಅದೇ ಹೊತ್ತಿಗೆ ಕೇಳಿ. ಸ್ವತಂತ್ರ ಮೆಕ್ಯಾನಿಕ್ ಬಳಿ ಒಯ್ಯಲು ಡೀಲರ್ ಬಿಡದಿದ್ದರೆ ಆ ನಿರಾಕರಣೆಯೇ ಉತ್ತರ.

ಇಲಿನಾಯ್‌ನಲ್ಲಿ ಪರವಾನಗಿ ಇರುವ ಡೀಲರ್ ಮಾರುವ, 1,50,000 ಮೈಲಿಗಿಂತ ಕಡಿಮೆ ಓಡಿದ ಹಳೆಯ ಕಾರುಗಳ ಎಂಜಿನ್‌ಗೂ ಅದರ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಭಾಗಗಳಿಗೂ 15 ದಿನ ಅಥವಾ 500 ಮೈಲಿಗಳ ಕಾನೂನುಬದ್ಧ ರಕ್ಷಣೆ 2017ರಿಂದ ಇದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಅದು ಸಿಗುವುದಿಲ್ಲ. ಆ ಹದಿನೈದು ದಿನಗಳಲ್ಲಿ ಪ್ರತಿದಿನ ಬೆಳಿಗ್ಗೆ ಎಂಜಿನ್ ಶುರುವಾಗುವ ಸದ್ದನ್ನು ನಿಮ್ಮ ಪತ್ನಿಯವರು ಆಲಿಸಲಿ.

ಪ್ರಶ್ನೆ: ಯಂತ್ರವೆಲ್ಲ ಪ್ರಿಯಸ್‌ನದೇ ಆದರೆ ಲೆಕ್ಸಸ್ ಹೆಸರಿಗೆ ಹೆಚ್ಚು ಹಣ ಏಕೆ ಕೊಡಬೇಕು?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಬರಿಯ ಮೈಲೇಜ್ ಬೇಕಿದ್ದರೆ ಕೊಡಬೇಕಾಗಿಲ್ಲ. ಅಮೆರಿಕದ ಅಧಿಕೃತ ಲೆಕ್ಕದಲ್ಲಿ ಆ ಪೀಳಿಗೆಯ ಪ್ರಿಯಸ್ ಗ್ಯಾಲನ್‌ಗೆ 50 ಮೈಲಿ ಕೊಟ್ಟರೆ ಆರಂಭದ ಸಿಟಿ 200ಎಚ್ ಕೊಟ್ಟಿದ್ದು 42. ವ್ಯತ್ಯಾಸ ತಿಳಿಯುವುದು ತಿರುವುಗಳಲ್ಲಿ ಮತ್ತು ಹೆದ್ದಾರಿಯಲ್ಲಿ: ಹಿಂಬದಿಯ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್, ಒಳಗೆ ಕಡಿಮೆ ಸದ್ದು, ಉತ್ತಮ ಆಸನಗಳು. ಆದರೆ ಗಂಟೆಗೆ 60 ಮೈಲಿ ವೇಗ ಮುಟ್ಟಲು ಹತ್ತಿರಹತ್ತಿರ 10 ಸೆಕೆಂಡ್ ಬೇಕು, ಐಷಾರಾಮಿ ಎಂಬ ಮಾತಿನಿಂದ ಚುರುಕನ್ನು ನಿರೀಕ್ಷಿಸಬೇಡಿ. ಹಿಂದಿನ ಸೀಟು ಇಕ್ಕಟ್ಟು. ಊರಿನಿಂದ ಆರು ತಿಂಗಳಿಗೆಂದು ಬರುವ ಮಂಡಿನೋವಿನ ತಂದೆತಾಯಿಗಳು ತಗ್ಗಾದ ಈ ಕಾರಿನಿಂದ ಏಳುವಾಗ ಪಡುವ ಕಷ್ಟವನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಅವರನ್ನು ಕೂರಿಸುವ ಕಾರು ಇದಾದರೆ ಪ್ರಿಯಸ್‌ನತ್ತ ನೋಡುವುದೇ ಒಳಿತು. 2011 ಮತ್ತು 2012ರ ಸಿಟಿ 200ಎಚ್ ಅಗ್ಗವಾಗಿ ಸಿಕ್ಕರೆ, ಬದಿಯ ಏರ್‌ಬ್ಯಾಗ್‌ಗಳಿಗಾಗಿ 2016ರಲ್ಲಿ ಬಂದ ರಿಕಾಲ್ (ದೋಷ ಸರಿಪಡಿಸಲು ತಯಾರಕರೇ ಕಾರುಗಳನ್ನು ಹಿಂದಕ್ಕೆ ಕರೆಸುವುದು) ದುರಸ್ತಿ ಆಗಿದೆಯೇ ಎಂದು ಕಾರಿನ 17 ಅಂಕಿ-ಅಕ್ಷರಗಳ ಗುರುತುಸಂಖ್ಯೆಯನ್ನು ಸರ್ಕಾರಿ ರಸ್ತೆಸುರಕ್ಷಾ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿ.

ಪ್ರಶ್ನೆ: ಮುಂದಿನ ವರ್ಷ ಮೈಸೂರಿಗೆ ಮರಳುತ್ತಿದ್ದೇನೆ. ನನ್ನ 2016ರ ಸಿಟಿ 200ಎಚ್ ಜೊತೆಗೆ ತರಬಹುದೇ?
– ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಸಾಧ್ಯವಿಲ್ಲ. ಭಾರತಕ್ಕೆ ತರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಿಮ್ಮದು ಎರಡರಲ್ಲಿಯೂ ತೇರ್ಗಡೆಯಾಗುವುದಿಲ್ಲ. ಈ ಮಾದರಿ ಭಾರತದಲ್ಲಿ ಮಾರಾಟವಾಗಲಿಲ್ಲವಾದ್ದರಿಂದ ಬಿಡಿಭಾಗಕ್ಕೂ ಪರದಾಡಬೇಕಾಗುತ್ತಿತ್ತು. ಅಲ್ಲಿಯೇ ಮಾರಿಬನ್ನಿ. ಲೆಕ್ಸಸ್ ಹೈಬ್ರಿಡ್ ಮೇಲೆ ಮನಸ್ಸಿದ್ದರೆ, ಮೈಸೂರಿಗೆ ಹೋಗುವ ದಾರಿಯಲ್ಲಿರುವ ಬಿಡದಿಯಲ್ಲಿ 2020ರಲ್ಲಿ ಇಎಸ್ 300ಎಚ್ ಜೋಡಣೆ ಆರಂಭವಾಯಿತು. ಅದು ಸೆಡಾನ್, ಬೆಲೆಯೂ ದೊಡ್ಡದು. ಬೆಂಗಳೂರಿನ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಒಂದು ಕಣ್ಣಿಗೆ ಬಿದ್ದರೆ, ಅದನ್ನೂ ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ.