ತಣ್ಣಗಿನ ಗೇರ್ ಆಯಿಲ್‌ಗೆ ಟರ್ಬೈನ್ ಮೀಟರ್ ಬೇಡ

ಅರ್ಧ ಇಂಚಿನ ಪೈಪಿನಲ್ಲಿ ತಣ್ಣಗಿನ ಗೇರ್ ಆಯಿಲ್ ಅಳೆಯೋಕೆ ಯಾವ ಟರ್ಬೈನ್ ಮೀಟರ್ (ಹರಿವಿಗೆ ತಿರುಗುವ ಚಕ್ರದಿಂದ ಹರಿವು ಅಳೆಯುವ ಮೀಟರ್) ಒಳ್ಳೇದು ಅಂತ ಕೇಳಿದ್ದೀರಿ. ಯಾವುದೂ ಬೇಡ.

ನಾನು ಹಿಮಾಚಲದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಮಿಲ್ಲಿನ ಗೇರ್‌ಬಾಕ್ಸ್‌ಗೆ ವಿಜಿ 320 ಅನ್ನೋ ದಪ್ಪ ಆಯಿಲ್. ಟ್ಯಾಂಕಿಗೆ ಹೀಟರ್ ಇತ್ತು, ಆದರೆ ಬೇರಿಂಗಿಗೆ ಹೋಗುವ ಸಣ್ಣ ಪೈಪು ಬಯಲಲ್ಲಿ ಹಾದು ಬರುತ್ತಿತ್ತು. ಅದರಲ್ಲೇ ಟರ್ಬೈನ್ ಮೀಟರ್ ಕೂರಿಸಿದ್ದೆವು. ಚಳಿಗಾಲದ ಬೆಳಗ್ಗೆ ಪಂಪ್ ಹಾಕಿದರೆ ಮೀಟರ್ ಸೊನ್ನೆ ತೋರಿಸುತ್ತಿತ್ತು, ಅಲಾರ್ಮ್ ಹೊಡೆದು ಮಿಲ್ ಟ್ರಿಪ್ ಆಗಿ ತಾನಾಗೇ ನಿಲ್ಲುತ್ತಿತ್ತು. ಪೈಪಿನ ಜೋಡಣೆ (ಯೂನಿಯನ್) ಬಿಚ್ಚಿದರೆ ಆಯಿಲ್ ಬರ್ತಾನೇ ಇದೆ! ಜೋನಿ ಬೆಲ್ಲದ ಹಾಗೆ ಮಡಿಕೆ ಮಡಿಕೆಯಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಮೀಟರ್ ಸುಳ್ಳು ಹೇಳುತ್ತೆ ಅಂತ ಅಲಾರ್ಮ್ ಬೈಪಾಸ್ ಮಾಡೋದೇ ಎಲ್ಲರಿಗೂ ರೂಢಿಯಾಯಿತು. ಒಂದು ದಿನ ಆಯಿಲ್ ಸೋಸುವ ಸ್ಟ್ರೈನರ್ ನಿಜವಾಗಿಯೂ ಕಟ್ಟಿಕೊಂಡಿತ್ತು. ಅವತ್ತೂ ಬೈಪಾಸ್. ಬೇರಿಂಗ್ ಸುಟ್ಟುಹೋಯಿತು.

ತಪ್ಪು ಬೈಪಾಸಿಗಿಂತ ಹಿಂದೆಯೇ ಆಗಿತ್ತು. ಆ ಮೀಟರ್ ಕ್ಯಾಲಿಬ್ರೇಟ್ ಆಗಿದ್ದು ನೀರಿನಲ್ಲಿ. ನೀರಿನ ಸ್ನಿಗ್ಧತೆ, ಅಂದರೆ ಹರಿಯೋಕೆ ಒಡ್ಡುವ ತಡೆ, ಸುಮಾರು 1 ಸೆಂಟಿಸ್ಟೋಕ್ (ಅದರ ಅಳತೆ). ವಿಜಿ 320ರಲ್ಲಿರುವ 320 ಅನ್ನೋದು 40 ಡಿಗ್ರಿಯಲ್ಲಿನ ಸ್ನಿಗ್ಧತೆಯ ಲೆಕ್ಕ. 10 ಡಿಗ್ರಿಗೆ ಇಳಿದರೆ ಅದೇ ಆಯಿಲ್ 2000 ದಾಟುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 5 ಲೀಟರ್ ಹರಿದರೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ ಸ್ನಿಗ್ಧತೆಯ ತಡೆಯನ್ನು ಎಷ್ಟು ಮೀರುತ್ತೆ ಅನ್ನೋ ಲೆಕ್ಕ) ಬರೀ 3 ಅಥವಾ 4. ಟರ್ಬೈನ್ ಸರಿಯಾಗಿ ಓದಬೇಕಾದರೆ ಅದು ಸಾವಿರಗಳಲ್ಲಿರಬೇಕು. ಇಲ್ಲಿ ಆಯಿಲ್ಲೇ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಕರೆಕ್ಷನ್ ಫ್ಯಾಕ್ಟರ್ ಹಾಕಿದರಾಯ್ತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿಸಿಲೇರಿದ ಹಾಗೆ ಆಯಿಲ್ ತೆಳುವಾಗುತ್ತದೆ, ಬೆಳಗಿನ ಫ್ಯಾಕ್ಟರ್ ಮಧ್ಯಾಹ್ನಕ್ಕೆ ಹೊಂದಲ್ಲ.

ಓವಲ್ ಗೇರ್ ಮೀಟರ್ ಹಾಕಿ. ಅದರಲ್ಲಿ ಎರಡು ಮೊಟ್ಟೆಯಾಕಾರದ ಹಲ್ಲಿನ ಚಕ್ರಗಳು ತಿರುಗುತ್ತಾ ಆಯಿಲ್ಲನ್ನು ಅಳತೆ ಅಳತೆಯಾಗಿ ದಾಟಿಸುತ್ತವೆ. ಆಯಿಲ್ ಗಟ್ಟಿಯಾದಷ್ಟೂ ಹಲ್ಲುಗಳ ಸಂದಿಯಲ್ಲಿ ಸೋರೋದು ಕಡಿಮೆ. ಮುಂದೆ ಹಿಂದೆ ನೇರ ಪೈಪೂ ಬೇಕಿಲ್ಲ. ಆದರೆ ಪಂಪಿನ ಡಿಸ್ಚಾರ್ಜ್ (ಆಯಿಲ್ ಹೊರಬರುವ) ಕಡೆಗೇ ಹಾಕಿ. ನಾನು ಹೇಳಿದ ಹರಿವಿಗೆ ಆ ಚಳಿಯಲ್ಲಿ ಪೈಪೊಂದೇ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1 ಬಾರ್ ಒತ್ತಡ ತಿನ್ನುತ್ತದೆ. ಸಕ್ಷನ್ (ಆಯಿಲ್ ಎಳೆಯುವ) ಕಡೆ ಹಾಕಿದರೆ ಪಂಪಿಗೆ ಆಯಿಲ್ ಸಿಗದೆ ಒಣಗುತ್ತದೆ. ಮ್ಯಾಗ್ನೆಟಿಕ್ ಮೀಟರ್ ಆಗಲ್ಲ, ಆಯಿಲ್‌ನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ. ನಡುಗುವ ಕೊಳವೆಯಿಂದ ಹರಿವಿನ ತೂಕ ಅಳೆಯುವ ಕೊರಿಯೋಲಿಸ್ ಮೀಟರ್ ಚೆನ್ನಾಗಿದೆ, ದುಡ್ಡು ಜಾಸ್ತಿ.

ಹಾಕಿದ ಮೇಲೆ ಬಕೆಟ್ ಹಿಡಿದು ಒಮ್ಮೆ ತಾಳೆ ನೋಡಿ. ಲೀಟರ್ ಗೆರೆ ನಂಬಬೇಡಿ, ತಣ್ಣಗಿನ ಆಯಿಲ್‌ನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ. ತೂಕ ಮಾಡಿ, ಲೀಟರಿಗೆ ಸುಮಾರು 0.9 ಕೆಜಿ ಹಿಡಿದು ಲೆಕ್ಕ ಹಾಕಿ. ಅದನ್ನೂ ಬೆಳಗಿನ ಚಳಿಯಲ್ಲೇ ಮಾಡಿ.